ಆ ಕಿರುಚಾಟದಲ್ಲಿ ನಿನಗೇನು ಸಿಗುತ್ತೆ?

ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ಅಮ್ಮ. ಹೆಡ್‌ಫೋನ್ ವಯರ್ ಕಿತ್ತುಬಂದು ಹಾಡು ಲ್ಯಾಪ್‌ಟಾಪಿನಿಂದಲೇ ಜೋರಾಗಿ ಹೊರಬಿದ್ದಿತ್ತು. ಅವರು ಅಡುಗೆಮನೆಯಿಂದ, "ಯಾರೋ ಅದು, ಮಿಕ್ಸಿ ಖಾಲಿ ಓಡಿಸ್ತಿರೋದು?" ಅಂದರು. ಆಮೇಲೆ ಕೇಳದವರೇ ಇಲ್ಲ. ನಾನು ಪುಸ್ತಕಗಳಿಗೆ ಚಿತ್ರ ಬರೆಯುವವನು, ಜಾಸ್ತಿ ಮಕ್ಕಳ ಪುಸ್ತಕಗಳಿಗೇ. ಮೊಲ, ಮಾವಿನಮರ ಬರೆಯುತ್ತಾ ಬ್ಲ್ಯಾಕ್ ಮೆಟಲ್ ಕೇಳ್ತೀಯಲ್ಲ ಮಾರಾಯ, ಅದರಲ್ಲಿ ಎಂಥ ಸ್ಫೂರ್ತಿ?

ಬ್ಲ್ಯಾಕ್ ಮೆಟಲ್ ಅಂದರೆ ಹೆವಿ ಮೆಟಲ್ ಸಂಗೀತದ ಒಂದು ಬಗೆ, ವೇಗದ ಗಿಟಾರ್, ಕಿರುಚುವ ಹಾಡುಗಾರಿಕೆ. ಒಂದೇ ಆಲ್ಬಂ ಹಿಡಿದು ಹೇಳುತ್ತೇನೆ. ನಾರ್ವೆಯ ಡಾರ್ಕ್‌ಥ್ರೋನ್ ತಂಡದ 'ಟ್ರಾನ್ಸಿಲ್ವೇನಿಯನ್ ಹಂಗರ್', 1994ರದ್ದು. ಬ್ಲ್ಯಾಕ್ ಮೆಟಲ್ ಅನ್ನೋ ಹೆಸರು ಬಂದದ್ದು ಇಂಗ್ಲೆಂಡಿನ ವೆನಮ್ ತಂಡದ 1982ರ ಆಲ್ಬಮ್ಮಿನಿಂದ. ಆದರೆ ಇವತ್ತು ನಾವು ಆ ಹೆಸರಲ್ಲಿ ಕೇಳುವ ಸದ್ದು ಮಾತ್ರ ಬಹುಪಾಲು ತೊಂಬತ್ತರ ದಶಕದ ಶುರುವಿನಲ್ಲಿ ಮುಖಕ್ಕೆ ಕಪ್ಪು ಬಿಳುಪು ಬಳಿದುಕೊಂಡ ನಾರ್ವೆ ಹುಡುಗರದ್ದು.

ಈ ಆಲ್ಬಮ್ಮಿನ ಡ್ರಮ್ಸ್, ಗಿಟಾರ್, ಬೇಸ್ ಎಲ್ಲ ನುಡಿಸಿದ್ದು ಒಬ್ಬನೇ, ಫೆನ್ರಿಜ್. ಅದೂ ಮನೆಯಲ್ಲೇ ಕೂತು, ನಾಲ್ಕು ಟ್ರ್ಯಾಕಿನ ರೆಕಾರ್ಡರಿನಲ್ಲಿ. ಜೊತೆಗಾರ ನಾಕ್ಟರ್ನೋ ಕುಲ್ಟೋ ಹಾಡಿದ್ದಾನೆ, ಅಷ್ಟೇ. ಕೇಳಿದರೆ ಪಕ್ಕದ ಓಣಿಯಲ್ಲಿ ಇಟ್ಟ ಹಳೇ ರೇಡಿಯೋದಿಂದ ಬಂದ ಹಾಗಿರುತ್ತೆ. ಇವರಿಗೆ ಸರಿಯಾಗಿ ರೆಕಾರ್ಡ್ ಮಾಡೋಕೆ ಬರ್ತಿರಲಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ 1991ರಲ್ಲಿ ಬಂದ ಅವರ ಮೊದಲ ಆಲ್ಬಂ ಕೇಳಿದೆ. ಸ್ಟಾಕ್‌ಹೋಮಿನ ಹೆಸರುವಾಸಿ ಸ್ಟುಡಿಯೋದಲ್ಲಿ ಮಾಡಿದ್ದು, ಡೆತ್ ಮೆಟಲ್ ಅನ್ನೋ ಮೆಟಲ್‌ನದೇ ಇನ್ನೊಂದು ಬಗೆ, ಪ್ರತಿ ವಾದ್ಯವೂ ಸ್ಪಷ್ಟ. ಬರ್ತಿತ್ತು ಸ್ವಾಮಿ, ಬೇಡ ಅಂತ ಬಿಟ್ಟಿದ್ದರು.

ಈಗ ಆ ಗಿಟಾರ್. ಟ್ರೆಮೊಲೊ ಪಿಕಿಂಗ್ ಅಂತಾರೆ. ತಂತಿ ಮೀಟುವ ಪುಟ್ಟ ಬಿಲ್ಲೆಯನ್ನು (ಪ್ಲೆಕ್ಟ್ರಮ್) ಒಂದೇ ತಂತಿಗೆ ಮೇಲೆ ಕೆಳಗೆ ಎಷ್ಟು ಬೇಗ ಉಜ್ಜುತ್ತಾರೆ ಅಂದರೆ ಒಂದೊಂದು ಮೀಟೂ ಬೇರೆ ಬೇರೆ ಕೇಳೋದೇ ಇಲ್ಲ, ಎಲ್ಲ ಸೇರಿ ಒಂದು ಹಾಳೆಯ ಹಾಗೆ ಹಬ್ಬಿಕೊಳ್ಳುತ್ತೆ. ಹಿಂದೆ ಡ್ರಮ್ಸ್ ಆಲ್ಬಮ್ಮಿನ ಉದ್ದಕ್ಕೂ ಹೆಚ್ಚು ಕಡಿಮೆ ಒಂದೇ ವೇಗ. ಎರಡು ನಿಮಿಷ ಏನೂ ಆಗೋದಿಲ್ಲ. ಆಮೇಲೆ ಒಂದು ಸ್ವರ ಕೆಳಗಿಳಿಯುತ್ತೆ, ಅಷ್ಟಕ್ಕೇ ಎದೆಯಲ್ಲಿ ಏನೋ ಕುಸಿದ ಹಾಗಾಗುತ್ತೆ. "ಟ್ಯೂನೇ ಇಲ್ವಲ್ಲ" ಅಂತಾರೆ. ತಂಬೂರಿ ಮೀಟುವವರ ಹತ್ತಿರ ಹೋಗಿ ಯಾರಾದರೂ ಟ್ಯೂನ್ ಎಲ್ಲಿ ಅಂತ ಕೇಳ್ತಾರಾ?

ಒಂದು ಸಲ ಕಾಡಿನ ಮಳೆಯ ಚಿತ್ರ ಬೇಕಿತ್ತು, ಎರಡು ಪುಟ ತುಂಬ. ಟ್ಯಾಬ್ಲೆಟ್‌ನಲ್ಲಿ ನಾಲ್ಕು ದಿನ ತಿದ್ದಿ ತೀಡಿ ಮಾಡಿದೆ. ಮಂಜು, ಬೆಳಕು, ಹೊಳಪು, ಎಲ್ಲ ಇತ್ತು, ಕ್ಯಾಲೆಂಡರ್ ಚಿತ್ರದ ಹಾಗೆ ಕಾಣುತ್ತಿತ್ತು, ಮಳೆ ಮಾತ್ರ ಇರಲಿಲ್ಲ. ರಾತ್ರಿ ಈ ಆಲ್ಬಂ ಹಾಕಿಕೊಂಡು, ಒಂದು ಹಾಳೆ, ಒಂದು 0.3 ಮಿ.ಮೀ. ತುದಿಯ ಪೆನ್ನು ಹಿಡಿದು ಕೂತೆ. ಬರೀ ಗೀಟು. ಓರೆಯಾಗಿ, ಒತ್ತೊತ್ತಾಗಿ, ಒಂದೇ ಉದ್ದಕ್ಕೆ. ಪೆನ್ನಿನ ತುದಿ ಸವೆದು ಗೀಟು ಒರಟಾಯಿತು, ಎರಡು ಕಡೆ ಇಂಕು ಮೆತ್ತಿತು, ಹಾಗೇ ಬಿಟ್ಟೆ. ಎಲ್ಲಿ ಗೀಟು ಸ್ವಲ್ಪ ವಿರಳ ಮಾಡಿದೆನೋ ಅಲ್ಲಿ ಮರ ಕಾಣಿಸಿತು. ಮರವನ್ನ ನಾನು ಬರೆದೇ ಇರಲಿಲ್ಲ! ಬೆಳಗ್ಗೆ ಅದನ್ನೇ ಕಳಿಸಿದೆ, ಅಚ್ಚೂ ಆಯಿತು.

ಇಷ್ಟು ಹೇಳಿದ ಮೇಲೆ, "ಅವರು ಚರ್ಚಿಗೆ ಬೆಂಕಿ ಇಟ್ಟವರಲ್ವಾ?" ಅಂತ ಬಂದೇ ಬರುತ್ತೆ. ಆ ನಾರ್ವೆ ಬಳಗದ ಕೆಲವರು, ಹೌದು. ಬುರ್ಜುಮ್ ಅನ್ನೋ ಹೆಸರಲ್ಲಿ ಹಾಡು ಮಾಡುತ್ತಿದ್ದ ವಾರ್ಗ್ ವಿಕರ್ನೆಸ್, 1993ರ ಆಗಸ್ಟಿನಲ್ಲಿ ಮೇಹೆಮ್ ತಂಡದ ಯೂರೋನಿಮಸ್‌ನನ್ನು ಕೊಂದ. ಆ ಕೊಲೆಗೂ ಚರ್ಚು ಸುಟ್ಟದ್ದಕ್ಕೂ ಸೇರಿ 21 ವರ್ಷ ಶಿಕ್ಷೆಯಾಯಿತು. ನಾನು ಇಷ್ಟು ಹೊಗಳಿದ ಆಲ್ಬಮ್ಮಿನ ಎಂಟು ಹಾಡುಗಳಲ್ಲಿ ನಾಲ್ಕರ ಸಾಹಿತ್ಯ ಅವನದೇ. ಮೊದಲ ಮುದ್ರಣದ ಹಿಂದಿನ ಕವರಿನಲ್ಲಿ ನಾಜಿಗಳ ಅರ್ಥದ 'ಆರ್ಯ' ಅನ್ನೋ ಹೊಲಸು ಮಾತೂ ಇತ್ತು, ಆಮೇಲೆ ತೆಗೆದರು, ತಂಡ ಕ್ಷಮೆಯೂ ಕೇಳಿತು. ಬುರ್ಜುಮ್ ಆಲ್ಬಂಗಳಿಗೆ ನಾನು ಒಂದು ಪೈಸೆ ಕೊಡೋದಿಲ್ಲ. ಆದರೆ ಈ ನಾಲ್ಕು ಹಾಡು ಬಂದಾಗ ಸ್ಕಿಪ್ಪೂ ಮಾಡೋದಿಲ್ಲ. ಮುಜುಗರ ಇದೆ, ಹೋಗಿಲ್ಲ.

(ಫೆನ್ರಿಜ್ ಮುಂದೆ ತನ್ನೂರಿನ ಸ್ಥಳೀಯ ಚುನಾವಣೆಗೆ ನಿಂತ. ಬೆಕ್ಕನ್ನು ಎತ್ತಿಕೊಂಡ ಫೋಟೋ ಹಾಕಿ ದಯವಿಟ್ಟು ನನಗೆ ವೋಟ್ ಹಾಕಬೇಡಿ ಅಂತ ಪ್ರಚಾರ ಮಾಡಿದ. ಜನ ಹಾಕಿಬಿಟ್ಟರು, ಬದಲಿ ಸದಸ್ಯ ಆಗಿಬಿಟ್ಟ.)

ಸುಮ್ನೆ ಒಂದು ಸಲ ಕೇಳಿ ನೋಡೋಣ ಅನ್ನುವವರಿಗೆ 'ಟ್ರಾನ್ಸಿಲ್ವೇನಿಯನ್ ಹಂಗರ್' ಕೊಡುವುದಿಲ್ಲ. ಉಲ್ವರ್ ತಂಡದ 'ಬರ್ಗ್‌ಟಾಟ್' ಹಾಕಿಕೊಳ್ಳಿ, 1995ರದ್ದು. ಐದೇ ಹಾಡು, ಒಬ್ಬ ಹುಡುಗಿಯನ್ನು ಬೆಟ್ಟ ಒಳಗೆ ಸೆಳೆದುಕೊಳ್ಳುವ ಜಾನಪದ ಕತೆ. ಕಿರುಚಾಟದ ಮಧ್ಯೆ ಮೆಲ್ಲಗಿನ ಹಾಡುಗಾರಿಕೆಯೂ ಇದೆ. ಮೂರನೇ ಹಾಡಿನಲ್ಲಿ ಗಿಟಾರು, ಡ್ರಮ್ಸು ಎಲ್ಲ ನಿಂತು ಬರೀ ಪಿಯಾನೋ ಉಳಿಯುತ್ತೆ, ಜೊತೆಗೆ ಕಾಡಿನಲ್ಲಿ ಯಾರದೋ ಹೆಜ್ಜೆ ಸಪ್ಪಳ. ಅಲ್ಲಿವರೆಗಾದರೂ ಆಫ್ ಮಾಡಬೇಡಿ.