ಮೀನು ಆಚೆ ಹೋಗಬಾರದಲ್ವಾ ಮೇಡಂ?

ಭಾನುವಾರ ಕೇಳಿದ ಈ ಒಂದು ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ. ಹೇಳಿದವರು ಒಂದು ಖಾಸಗಿ ಕೆರೆಯ ಮಾಲೀಕರು. ಮನುಷ್ಯ ಒಳ್ಳೆಯವರೇ. ಹಳ್ಳಕ್ಕೆ ಅಡ್ಡಲಾಗಿ ಹಿಂದೆ ಯಾರೋ ಹಾಕಿದ್ದ ಮಣ್ಣಿನ ಏರಿಯನ್ನು ಜಮೀನಿನ ಜೊತೆಗೇ ಕೊಂಡಿದ್ದಾರೆ. ದೋಣಿ ತಂದಿದ್ದಾರೆ, ಮೀನು ಬಿಟ್ಟಿದ್ದಾರೆ, ನೆರಳಲ್ಲಿ ಬೆಂಚು ಹಾಕಿಸಿದ್ದಾರೆ. ನೆಂಟರು, ಸ್ನೇಹಿತರು ಬಂದು ಕೂತರೆ ಅವರಿಗೆ ಖುಷಿ. ನಾವು ಹೋಗಿದ್ದೂ ದೋಣಿಯ ಆಸೆಗೇ.

ಜೊತೆಗೆ ಬಂದಿದ್ದ ನನ್ನ ಗೆಳತಿ ಸಣ್ಣ ಅಣೆಕಟ್ಟುಗಳ ತಪಾಸಣೆಯಲ್ಲೇ ವರ್ಷಗಟ್ಟಲೆ ಸವೆಸಿದವಳು. ಇಂಥವರನ್ನು ಪಿಕ್ನಿಕ್‌ಗೆ ಕರೆದುಕೊಂಡು ಹೋಗಬಾರದು. ಎಲ್ಲರೂ ನೀರಿನ ಕಡೆ ಓಡಿದರೆ ಇವಳು ಏರಿಯ ಉದ್ದಕ್ಕೂ ನಡೆದು, ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಕೋಡಿಯ ಹತ್ತಿರ ನಿಂತುಬಿಟ್ಟಳು. ಕೋಡಿಯ ಬಾಯಿಗೆ ಈ ತುದಿಯಿಂದ ಆ ತುದಿಯವರೆಗೆ ಕಬ್ಬಿಣದ ಜಾಲರಿ ಹೊಡೆದಿತ್ತು. ಅದಕ್ಕೆ ಎಲೆ, ಜೊಂಡು, ಒಂದು ಕೊಂಬೆ, ಒಂದು ಹಳೇ ಚಪ್ಪಲಿ ಸಿಕ್ಕಿಕೊಂಡಿದ್ದವು. ಹಿಂದಿನ ರಾತ್ರಿ ಬಂದದ್ದು ಸಾಧಾರಣ ಮಳೆ. ಆದರೂ ಜಾಲರಿಯ ಒಳಗಡೆ ನೀರು, ಹೊರಗಡೆಗಿಂತ ನಾಲ್ಕು ಬೆರಳು ಎತ್ತರಕ್ಕೆ ನಿಂತಿತ್ತು.

"ಇದು ಯಾಕೆ ಸರ್?" ಅಂತ ಕೇಳಿದಳು.

"ಮೀನು ಆಚೆ ಹೋಗಬಾರದಲ್ವಾ ಮೇಡಂ?"

ಅಷ್ಟೇ. ಅವರ ದನಿಯಲ್ಲಿ ಅಹಂಕಾರ ಇರಲಿಲ್ಲ, ಉಡಾಫೆಯೂ ಇರಲಿಲ್ಲ. ಇಷ್ಟು ಸಣ್ಣ ವಿಷಯ ಇವರಿಗೆ ಯಾಕೆ ಹೊಳೆಯಲಿಲ್ಲ ಅನ್ನುವ ಆಶ್ಚರ್ಯ ಮಾತ್ರ. ಅವಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, "ಮೀನು ಹೋಗದಿದ್ದರೆ ನೀರೂ ಹೋಗಲ್ಲ ಸರ್. ಅದು ಏರಿ ಮೇಲೆ ಹತ್ತುತ್ತೆ" ಅಂದಳು. ಅವರು ನಕ್ಕರು. "ಇಷ್ಟು ವರ್ಷದಲ್ಲಿ ಹತ್ತಿಲ್ಲ."

ಮಣ್ಣಿನ ಏರಿಗೂ ಸಿಮೆಂಟಿನ ಗೋಡೆಗೂ ಇರುವ ವ್ಯತ್ಯಾಸ ಇಲ್ಲೇ. ಕಾಂಕ್ರೀಟಿನ ಮೇಲೆ ಸ್ವಲ್ಪ ಹೊತ್ತು ನೀರು ಉಕ್ಕಿ ಹರಿದರೆ ಅದು ತಡೆದುಕೊಳ್ಳಬಹುದು. ಮಣ್ಣಿಗೆ ಆ ತಾಳ್ಮೆ ಇಲ್ಲ. ತಲೆಯ ಮೇಲೆ ನೀರು ದಾಟಲು ಶುರುವಾದರೆ ಹಿಂಬದಿಯ ಇಳಿಜಾರು ಕೊಚ್ಚಿಕೊಂಡು ಹೋಗುತ್ತದೆ, ಕೊರಕಲು ಅಗಲವಾಗುತ್ತದೆ, ಆಮೇಲೆ ಯಾರ ಮಾತನ್ನೂ ಕೇಳುವುದಿಲ್ಲ. ಹಾಗಾಗಬಾರದು ಅಂತಲೇ ಏರಿಯ ತಲೆಗಿಂತ ತಗ್ಗಿನಲ್ಲಿ ಕೋಡಿ ಬಿಡುತ್ತಾರೆ. ಜೋರು ಮಳೆಯ ದಿನ ಏರಿಯನ್ನು ಕಾಯುವುದು ಅದೊಂದೇ. ಅದರ ಬಾಯಿಗೇ ಬಲೆ ಕಟ್ಟಿದರೆ? ಕಸ ಬರುವುದೂ ಜೋರು ಮಳೆಯ ದಿನವೇ ಅಲ್ವಾ?

ಮನೆಗೆ ಬರುವಾಗ ಕಾರಿನಲ್ಲಿ ಅವಳು ಜಾನ್ಸ್‌ಟೌನ್ ಕಥೆ ಹೇಳಿದಳು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಅಂತ ಒಂದು ಮಣ್ಣಿನ ಅಣೆಕಟ್ಟು. ಕಾಲುವೆ ಸಾಗಣೆಗೆಂದು ಕಟ್ಟಿದ್ದು, ಕೈ ಬದಲಾಗುತ್ತಾ ಕೊನೆಗೆ ಶ್ರೀಮಂತರ ಮೀನುಗಾರಿಕೆ ಕ್ಲಬ್ಬಿನ ಪಾಲಾಯಿತು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯಂಥವರೆಲ್ಲ ಅದರ ಸದಸ್ಯರು. ನೀರು ಖಾಲಿ ಮಾಡುವ ಕೊಳವೆಗಳನ್ನು ಅಷ್ಟರಲ್ಲಾಗಲೇ ಯಾರೋ ಕಿತ್ತು ಗುಜರಿಗೆ ಮಾರಿಯಾಗಿತ್ತು. ಕ್ಲಬ್ಬಿನವರು ಹೊಸದು ಹಾಕಿಸಲಿಲ್ಲ. ಸಾರೋಟು ಓಡಾಡಲಿ ಅಂತ ಏರಿಯ ತಲೆಯನ್ನು ತಗ್ಗಿಸಿ ಅಗಲ ಮಾಡಿದರು. ಕೋಡಿಗೆ ಜಾಲರಿ ಹಾಕಿದರು. ಯಾಕೆ? ಮೀನು ಆಚೆ ಹೋಗಬಾರದಲ್ವಾ!

1889ರ ಮೇ 31ರಂದು, ರಾತ್ರಿಯಿಡೀ ಸುರಿದ ಮಳೆಯ ನಂತರ, ಕೆಲಸದವರು ಆ ಜಾಲರಿಗೆ ಸಿಕ್ಕಿದ ಕಸ ತೆಗೆಯಲು ಒದ್ದಾಡುತ್ತಿದ್ದರಂತೆ. ಮಧ್ಯಾಹ್ನ ಏರಿ ಒಡೆಯಿತು. ಕೆಳಗಿನ ಜಾನ್ಸ್‌ಟೌನ್ ಊರಿನಲ್ಲಿ, ದಾರಿಯ ಹಳ್ಳಿಗಳಲ್ಲಿ ಸತ್ತವರು 2,200ಕ್ಕೂ ಜಾಸ್ತಿ. ಕೋರ್ಟಿಗೆ ಹೋದವರಿಗೆ ಕ್ಲಬ್ಬಿನಿಂದ ಪರಿಹಾರ ದಕ್ಕಲಿಲ್ಲ.

ನನಗೆ ಸಿಟ್ಟು ಬಂದದ್ದು ಕಾರ್ನೆಗಿಯ ಮೇಲಲ್ಲ, ನಮ್ಮ ಮಾಲೀಕರ ಮೇಲೆ. ಅನ್ಯಾಯ ಅನ್ನಿ, ಆದರೂ ಬಂತು. ಅವರು ದೋಣಿಗೆ ಪ್ರತಿ ವರ್ಷ ಬಣ್ಣ ಹೊಡೆಸುತ್ತಾರೆ. ಲೈಫ್ ಜಾಕೆಟ್ ಹಾಕದೆ ಯಾರನ್ನೂ ಹತ್ತಲು ಬಿಡುವುದಿಲ್ಲ. ಮಕ್ಕಳಿಗೆಂದು ಹಗ್ಗ ಕಟ್ಟಿಸಿದ್ದಾರೆ. ಅಂದರೆ ನೀರಿಗೆ ಬಿದ್ದರೆ ಏನಾಗುತ್ತೆ ಅನ್ನುವ ಭಯ ಚೆನ್ನಾಗಿ ಇದೆ. ನೀರೇ ಎದ್ದು ಹೊರಟರೆ ಏನಾಗುತ್ತೆ ಅನ್ನುವುದು ಮಾತ್ರ ಮನಸ್ಸಿಗೆ ಬಂದಿಲ್ಲ. ಒಂದು ಹೆಕ್ಟೇರ್ ವಿಸ್ತೀರ್ಣದ ಕೆರೆಯಲ್ಲಿ ಸರಾಸರಿ ಎರಡು ಮೀಟರ್ ನೀರಿದ್ದರೆ ಅದರ ತೂಕ 20,000 ಟನ್. ನಾವು ಅದರ ಮೇಲೆ ಹುಟ್ಟು ಹಾಕುತ್ತಾ ಫೋಟೋ ತೆಗೆಸಿಕೊಳ್ಳುತ್ತೇವೆ.

ಅವತ್ತು ಕೋಡಿಯಿಂದ ಅವಳು ಏರಿಯ ಹಿಂಬದಿಗೆ ಇಳಿದಳು. ನಾನೂ ಹಿಂದೆ ಹೋದೆ. ಮಾಲೀಕರೂ ಬಂದರು, ಪಾಪ, ಹೊಸ ಶೂ ಹಾಕಿಕೊಂಡು. ಮುಂದಿನ ಕಡೆ ಕತ್ತರಿಸಿದ ಹುಲ್ಲು, ಹೂವಿನ ಗಿಡ. ಈ ಕಡೆ ಪೊದೆ, ಮರ, ಹೆಗ್ಗಣದ ಬಿಲ. ಮರವಿದ್ದರೆ ಬೇರು ಮಣ್ಣು ಹಿಡಿಯುತ್ತೆ ಅಂತ ನಾನೂ ನಂಬಿದ್ದೆ. ಏರಿಯ ಲೆಕ್ಕವೇ ಬೇರೆ. ಗಾಳಿಗೆ ದೊಡ್ಡ ಮರ ಬುಡ ಸಮೇತ ಉರುಳಿದರೆ ಏರಿಯ ಒಂದು ತುಂಡೇ ಕಿತ್ತು ಬರುತ್ತದೆ. ಮರ ಸತ್ತರೆ ಬೇರು ಕೊಳೆತು ಒಳಗೆ ನೀರಿಗೆ ದಾರಿ ಆಗುತ್ತದೆ. ಹುಲ್ಲು ಸಾಕು, ಹುಲ್ಲೇ ಬೇಕು. ಹಾಗಂತ ನಾಳೆಯೇ ಕೊಡಲಿ ಹಿಡಿಯುವ ಹಾಗೂ ಇಲ್ಲ. ದೊಡ್ಡ ಮರ ಕಡಿದು ಬೇರು ಒಳಗೇ ಬಿಟ್ಟರೆ ಅದೂ ಕೊಳೆಯುವುದೇ ತಾನೆ?

ಏರಿಯ ಬುಡದಲ್ಲಿ, ಕೆರೆಯ ನೀರು ಬಿಡುವ ತೂಬಿನ ಕೊಳವೆ ಹೊರಗೆ ಬರುವ ಜಾಗದ ಪಕ್ಕದಲ್ಲಿ, ಒಂದು ಕಡೆ ಮಾತ್ರ ಹುಲ್ಲು ಕಡು ಹಸಿರಾಗಿತ್ತು. ಕಾಲಿಟ್ಟರೆ ಮೆತ್ತಗೆ. ಅವಳು ಕುಕ್ಕರಗಾಲಲ್ಲಿ ಕೂತು, ಬೆರಳಿಂದ ಸಣ್ಣ ಗುಳಿ ಮಾಡಿ, ಅದು ತುಂಬುವವರೆಗೆ ಕಾದಳು. ಕೆದಕಿದ ಮಣ್ಣೆಲ್ಲ ಹರಿದು ಹೋದ ಮೇಲೆ ಕುಡಿಯುವ ನೀರಿನ ಖಾಲಿ ಬಾಟಲಿಗೆ ಒಂದಿಷ್ಟು ತುಂಬಿಸಿದಳು. ಬಿಸಿಲಿಗೆ ಹಿಡಿದು ನೋಡಿದಳು. ಕಲ್ಲಿನ ಮೇಲಿಟ್ಟು ಮತ್ತೆ ನೋಡಿದಳು. ತಳದಲ್ಲಿ ಮಣ್ಣು ಕೂರಲಿಲ್ಲ.

"ತಿಳಿಯಾಗಿದೆ. ಸದ್ಯಕ್ಕೆ ಪರವಾಗಿಲ್ಲ. ಕೆಂಪಗೆ ಬರೋಕೆ ಶುರುವಾದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಬರ್ತಿದೆ ಅಂತ ಅರ್ಥ. ವಾರಕ್ಕೊಮ್ಮೆ ಇಲ್ಲಿ ಬಂದು ನೋಡಿ ಸರ್" ಅಂದಳು.

"ಜೇಡಿಮಣ್ಣು ಹಾಕಿ ಮುಚ್ಚಿಸಿಬಿಡಲಾ?"

ಬೇಡವೇ ಬೇಡ ಅಂದಳು. ಹೊರಗೆ ಬಿರಡೆ ಹಾಕಿದರೆ ನೀರು ಒಳಗೊಳಗೇ ಒತ್ತಡ ಕಟ್ಟಿಕೊಂಡು ಬೇರೆ ಕಡೆ ದಾರಿ ಹುಡುಕುತ್ತದಂತೆ. ತಕ್ಕ ಮರಳು, ಅದರ ಮೇಲೆ ಜಲ್ಲಿ ಹಾಕಿ, ನೀರು ಹೋಗಲಿ ಮಣ್ಣು ನಿಲ್ಲಲಿ ಅನ್ನುವ ಹಾಗೆ ಮಾಡಬೇಕು, ಅದನ್ನು ಗೊತ್ತಿರುವ ಎಂಜಿನಿಯರ್ ಕೈಯಲ್ಲೇ ಮಾಡಿಸಬೇಕು. ತೂಬಿನ ವಾಲ್ವ್ ತಿರುಗಿಸಿ ನೀರು ಸ್ವಲ್ಪ ಇಳಿಸಿ ಅಂತಲೂ ಹೇಳಿದಳು. ವಾಲ್ವಿನ ಚಕ್ರ ತುಕ್ಕು ಹಿಡಿದು ಕೂತಿತ್ತು. ತಾವು ಕೊಂಡ ಮೇಲೆ ಅದನ್ನು ತಿರುಗಿಸುವ ಅಗತ್ಯವೇ ಬಿದ್ದಿಲ್ಲ ಅಂದರು. ನೀರು ಇಳಿಸಿದರೆ ಕೆಸರು ಕಾಣುತ್ತೆ, ಚೆನ್ನಾಗಿರಲ್ಲ ಅಂತಲೂ ಸೇರಿಸಿದರು.

ವ್ಯವಸಾಯದ ಕೆರೆಗೆ ನೀರು ಬಿಡುವವನು ಬರುತ್ತಾನೆ, ಜಗಳಕ್ಕಾದರೂ ನಾಲ್ಕು ಜನ ತೂಬಿನ ಹತ್ತಿರ ಸೇರುತ್ತಾರೆ. ಮೋಜಿನ ಕೆರೆಗೆ ಬರುವವರೆಲ್ಲ ನೀರಿನ ಕಡೆಗೆ ಮುಖ ಮಾಡಿ ಕೂರುತ್ತಾರೆ. ಅದರ ಬೆನ್ನು ನೋಡುವವರು ಯಾರು? ಸರ್ಕಾರಗಳ ಕಣ್ಣೂ ಮೊದಲು ಬೀಳುವುದು ದೊಡ್ಡವುಗಳ ಮೇಲೆ. ಅಂತರರಾಷ್ಟ್ರೀಯ ಲೆಕ್ಕದಲ್ಲಿ 'ದೊಡ್ಡ ಅಣೆಕಟ್ಟು' ಅನ್ನಿಸಿಕೊಳ್ಳಲು 15 ಮೀಟರ್ ಎತ್ತರ ಇರಬೇಕು, ಇಲ್ಲವೇ 5 ಮೀಟರ್ ದಾಟಿ 30 ಲಕ್ಷ ಘನ ಮೀಟರಿಗಿಂತ ಜಾಸ್ತಿ ನೀರು ಹಿಡಿಯಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಇದೆರಡಕ್ಕೂ ಸಾಲದ ಪುಟ್ಟದು. ಒಂದು ಕಾಲದಲ್ಲಿ ವಿದ್ಯುತ್ತಿಗೆ, ಆಮೇಲೆ ಸುಮ್ನೆ ವಿಹಾರಕ್ಕೆ. 1977ರ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ ಅದು ಒಡೆದು, ಕೆಳಗಿದ್ದ ಕಾಲೇಜಿನ ಆವರಣದಲ್ಲಿ ಮಲಗಿದ್ದವರಲ್ಲಿ 39 ಜನ ಸತ್ತರು.

ನಮ್ಮ ಮಾಲೀಕರ ಏರಿಯ ಕೆಳಗೂ ಹಳ್ಳದ ಬದಿಗೆ ಮನೆಗಳಿವೆ. ಹಿಂಬದಿಯಲ್ಲಿ ನಿಂತರೆ ಒಗೆದು ಹಾಕಿದ ಬಟ್ಟೆ ಕಾಣುತ್ತದೆ. ಅವರಲ್ಲಿ ಯಾರೂ ಆ ದೋಣಿ ಹತ್ತಿದವರಲ್ಲ.

ನಿನ್ನೆ ಸಂಜೆ ಮಾಲೀಕರು ಗೆಳತಿಗೆ ಫೋನ್ ಮಾಡಿದ್ದರು. ಜಾಲರಿ ಖಂಡಿತ ತೆಗೆಸ್ತೀನಿ ಮೇಡಂ, ಮಳೆಗಾಲ ಒಂದು ಮುಗಿದುಬಿಡಲಿ, ಈಗ ತೆಗೆದರೆ ಮೀನೆಲ್ಲ ಹೋಗ್ತವೆ ಅಂದರಂತೆ. ಇವಳು ವಾದ ಮಾಡಲು ಹೋಗಲಿಲ್ಲ. ಹಾಗಾದರೆ ಕೆಳಗಿನ ಮನೆಯವರ ಫೋನ್ ನಂಬರ್‌ಗಳನ್ನಾದರೂ ಕೊಡಿ, ರಾತ್ರಿ ಜೋರು ಮಳೆ ಬಂದರೆ ಯಾರಾದರೂ ಅವರನ್ನು ಎಬ್ಬಿಸಬೇಕಲ್ಲ ಅಂದಳು. ಅವರ ಹತ್ತಿರ ಒಂದು ನಂಬರೂ ಇರಲಿಲ್ಲ. ಈ ಭಾನುವಾರ ಅವಳೇ ಹೋಗಿ ಮನೆಮನೆಯಿಂದ ಬರೆದುಕೊಂಡು ಬರುತ್ತಾಳಂತೆ. ನಾನೂ ಬರ್ತೀನಿ ಅಂದಿದ್ದೇನೆ.