ಭದ್ರಾವತಿಯಲ್ಲಿ ಅರ್ಥಶಾಸ್ತ್ರ ಓದಿದ್ದು

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಪುಸ್ತಕ ಓದಿಸಿದ್ದು ಕಮ್ಮಿ, ಊರನ್ನು ಓದಿಸಿದ್ದೇ ಜಾಸ್ತಿ. ತೊಂಬತ್ತರ ದಶಕದ ಮಾತು. ಎರಡನೇ ಬಿ.ಎ.ಯಲ್ಲಿ ಆರ್ಥರ್ ಲೂಯಿಸ್ ಎಂಬ ಅರ್ಥಶಾಸ್ತ್ರಜ್ಞರ ಪಾಠ ಬಂತು. ಹೊಲದಲ್ಲಿ ಕೆಲಸಕ್ಕಿಂತ ಜನ ಜಾಸ್ತಿ ಇರುವ ದೇಶಗಳಲ್ಲಿ, ಆ ಜನ ಕಾರ್ಖಾನೆಗೆ ಬಂದಂತೆಲ್ಲ ದೇಶ ಬೆಳೆಯುತ್ತದೆ ಎಂದು ಅವರು 1954ರಲ್ಲಿ ಬರೆದಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ ಮೂರು ಕಾಲಂ ಹಾಕಿದರು. "ತಾತ ಏನು ಮಾಡ್ತಿದ್ರು, ಅಪ್ಪ ಏನು ಮಾಡ್ತಾರೆ, ಹೇಳ್ರಪ್ಪಾ." ತಾತಂದಿರ ಕಾಲಂ ತುಂಬ ಗದ್ದೆ, ಕೂಲಿ. ಅಪ್ಪಂದಿರದ್ದು ಫಿಟ್ಟರ್, ಮೋಲ್ಡರ್, ಕ್ರೇನ್ ಆಪರೇಟರ್, ಪೇಪರ್ ಮಿಲ್ಲಿನ ಬಾಯ್ಲರ್. ಮೂರನೆಯದು ನಮ್ಮದು. ಯಾರೂ ಬಾಯಿ ಬಿಡಲಿಲ್ಲ. ಆಗಲೇ ಕಾಯಂ ನೌಕರಿ ಸಿಗೋದು ಕಷ್ಟವಾಗಿತ್ತು.

ಕಬ್ಬಿಣದ ಕಾರ್ಖಾನೆಯ ಕಥೆಯನ್ನು ಮೇಷ್ಟ್ರು ಚಪ್ಪರಿಸಿಕೊಂಡು ಹೇಳೋರು. ಕಟ್ಟಲು ಶುರು ಮಾಡಿದ್ದು 1918ರಲ್ಲಿ, ಕಬ್ಬಿಣ ಬಂದದ್ದು 1923ರಲ್ಲಿ. ಕಲ್ಲಿದ್ದಲು ಹತ್ತಿರದಲ್ಲಿ ಇಲ್ಲ. ಹಾಗಾಗಿ ಮಲೆನಾಡಿನ ಮರ ಸುಟ್ಟ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು. (ಎಷ್ಟು ಕಾಡು ಹೋಯಿತು ಎಂದು ಆಗ ನಾವ್ಯಾರೂ ಕೇಳಲಿಲ್ಲ. ಕೇಳಬೇಕಿತ್ತು.) ಶುರುವಿನಲ್ಲಿ ನಷ್ಟವೇ. ವಿಶ್ವೇಶ್ವರಯ್ಯನವರು ಬಿಡದೆ ನಡೆಸಿದರು.

ಕಾರ್ಖಾನೆ ಅಂದರೆ ಬರೀ ಸಂಬಳ ಅಲ್ಲ ಅನ್ನೋದು ಮೇಷ್ಟ್ರ ವಾದ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಹೇಳಿದ್ದೂ ಹೆಚ್ಚುಕಡಿಮೆ ಅದೇ: ಹೆಚ್ಚು ತಯಾರಿಸಿದಷ್ಟೂ ಕೈ ಪಳಗುತ್ತದೆ, ಒಂದೊಂದು ವಸ್ತುವಿಗೆ ತಗಲುವ ಶ್ರಮ ಇಳಿಯುತ್ತದೆ. ಅದು ನಮ್ಮ ಬೀದಿಯಲ್ಲೇ ಕಾಣುತ್ತಿತ್ತು. ನಿವೃತ್ತ ಟರ್ನರ್ ಒಬ್ಬರು ಮನೆ ಮುಂದೆ ಲೇತ್ ಹಾಕಿದರು. ಪಂಪ್‌ಸೆಟ್ಟಿನ ಶಾಫ್ಟ್ ಸವೆದರೆ ಸುತ್ತಲಿನ ರೈತರೆಲ್ಲ ಅಲ್ಲಿಗೇ. ಸುಮ್ನೆ ನೋಡುತ್ತ ನಿಂತ ಹುಡುಗರೂ ಕಸುಬು ಕಲಿತರು.

ದಕ್ಷಿಣ ಕೊರಿಯಾ ಈ ದಾರಿಯಲ್ಲೇ ಮೇಲೆ ಬಂತು. ನಮ್ಮ ದೇಶ ಅರ್ಧಕ್ಕೆ ನಿಂತಿತು ಅನ್ನೋದು ನನ್ನ ಅಭಿಪ್ರಾಯ. ಇವತ್ತಿಗೂ ದುಡಿಯುವವರಲ್ಲಿ ಶೇ. 40ಕ್ಕೂ ಹೆಚ್ಚು ಜನ ಬೇಸಾಯದಲ್ಲೇ ಇದ್ದಾರೆ, ದೇಶದ ಆದಾಯದಲ್ಲಿ ಅವರ ಪಾಲು ಅದರ ಅರ್ಧದಷ್ಟೂ ಇಲ್ಲ. ಹೊಲ ಬಿಟ್ಟವರಲ್ಲಿ ಎಷ್ಟೋ ಜನ ಕಾರ್ಖಾನೆಗೆ ಹೋಗದೆ ಗಾರೆ ಕೆಲಸ, ಸೆಕ್ಯುರಿಟಿ, ಡೆಲಿವರಿಗೆ ಹೋದರು. ಐಟಿ ಇದೆಯಲ್ಲ ಅನ್ನುತ್ತಾರೆ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನಿಗೆ ಐಟಿ ಎಲ್ಲಿದೆ? ಫೌಂಡ್ರಿಯಲ್ಲಿ ಅವನಿಗೂ ಜಾಗವಿತ್ತು, ಅಲ್ವಾ?

ಪೇಪರ್ ಮಿಲ್ 2015ರಲ್ಲಿ ನಿಂತಿತು. ನನ್ನ ಬೆಂಚಿನ ಗೆಳೆಯನದ್ದು ಈಗ ಸಣ್ಣ ವರ್ಕ್‌ಶಾಪ್. ಆರ್ಡರ್ ಇದೆಯಂತೆ. ವರ್ನಿಯರ್ ಹಿಡಿದು ಅಳತೆ ಓದುವ ಹುಡುಗ ಮಾತ್ರ ಸಿಗುತ್ತಿಲ್ಲವಂತೆ.