ಜಿಪ್ಸಿಯ ರಿಸರ್ವಾಯರ್ ಶಾಕ್‌ಗಳು: ಹಿಂದಿನ ಜೋಡಿ ಮುಗಿಯಿತು

ಹಿಂದಿನ ಎರಡೂ ಶಾಕ್ ಗಾಡಿಗೆ ಏರಿವೆ. ಮುಂದಿನ ಜೋಡಿ ಇನ್ನೂ ಬೆಂಚ್ ಮೇಲೆ ಬಿಚ್ಚಿಕೊಂಡು ಕೂತಿದೆ. ಗಾಡಿಯ ಓಡಾಟವೆಲ್ಲ ಕೋಲಾರದ ಕ್ವಾರಿ ದಾರಿಗಳಲ್ಲಿ, ಕೆಜಿಎಫ್ ಸುತ್ತಿನ ಮಣ್ಣು ರಸ್ತೆಗಳಲ್ಲಿ. ಅಳತೆ ಇಷ್ಟು: ರಾಡ್ 16 ಮಿ.ಮೀ., ಬಾಡಿಯ ಒಳವ್ಯಾಸ 46, ಹೊರಗಿನ ಡಬ್ಬಿಯ (ಅದೇ ರಿಸರ್ವಾಯರ್) ಒಳವ್ಯಾಸ 50, ಸ್ಟ್ರೋಕ್, ಅಂದರೆ ರಾಡ್ ಓಡಾಡುವ ಉದ್ದ, 200.

ಡಬ್ಬಿ ಹಾಕಿದರೆ ಗಾಡಿ ಮೆತ್ತಗಾಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತಿರುತ್ತದೆ. ಮೆತ್ತಗೋ ಗಟ್ಟಿಯೋ ಎಂದು ತೀರ್ಮಾನಿಸುವುದು ಪಿಸ್ಟನ್ ಮೇಲಿನ ಶಿಮ್‌ಗಳು, ಅಂದರೆ ಆಯಿಲ್ ದಾರಿಯನ್ನು ತಡೆಯುವ ತೆಳು ಬಿಲ್ಲೆಗಳು. ಡಬ್ಬಿಯ ಕೆಲಸವೇ ಬೇರೆ. ರಾಡ್ ಪೂರ್ತಿ ಒಳಗೆ ಹೋದಾಗ ಅದು ಸುಮಾರು 40 ಸಿಸಿ ಜಾಗ ಹಿಡಿಯುತ್ತದೆ. ಆಯಿಲ್ ಕುಗ್ಗುವುದಿಲ್ಲ, ಹಾಗಾಗಿ ಅಷ್ಟು ಆಯಿಲ್ ಎಲ್ಲಿಗಾದರೂ ಹೋಗಲೇಬೇಕು. ಮಾಮೂಲಿ ಜೋಡಿ ಕೊಳವೆಯ ಶಾಕ್‌ನಲ್ಲಿ ಅದು ಹೊರಕೊಳವೆಗೆ ಹೋಗುತ್ತದೆ. ಅಲ್ಲಿ ಆಯಿಲ್‌ಗೂ ಗ್ಯಾಸ್‌ಗೂ ನಡುವೆ ಗೋಡೆಯಿಲ್ಲ, ಗುಂಡಿ ದಾರಿ ಮುಗಿಯದಿದ್ದರೆ ಎರಡೂ ಕಲಸಿ ನೊರೆಯಾಗುತ್ತದೆ. ಒಂಟಿ ಕೊಳವೆಯದರಲ್ಲಿ ತೇಲುವ ಪಿಸ್ಟನ್ ಎರಡನ್ನೂ ಬೇರ್ಪಡಿಸುತ್ತದೆ, ಆದರೆ ಸ್ಟ್ರೋಕ್‌ಗೆ ಸಿಗಬೇಕಾದ ಉದ್ದವನ್ನು ಅದೇ ತಿನ್ನುತ್ತದೆ. ಆ ಪಿಸ್ಟನ್ನನ್ನೂ ಗ್ಯಾಸನ್ನೂ ಹೊರಗಿನ ಡಬ್ಬಿಗೆ ಸಾಗಿಸಿ ಹೋಸ್‌ನಿಂದ ಜೋಡಿಸಿದರೆ ಬಾಡಿಯ ಉದ್ದವೆಲ್ಲ ಸ್ಟ್ರೋಕ್‌ಗೇ ಉಳಿಯುತ್ತದೆ. ಆಯಿಲ್ ಹೆಚ್ಚು ಹಿಡಿಯುತ್ತದೆ, ಬಿಸಿಯೂ ನಿಧಾನಕ್ಕೆ ಏರುತ್ತದೆ.

ಇಡೀ ಕೆಲಸ ನಿಂತಿರುವುದು ತೇಲುವ ಪಿಸ್ಟನ್ ಎಲ್ಲಿ ಕೂರುತ್ತದೆ ಎಂಬುದರ ಮೇಲೆ. 40 ಸಿಸಿ ಆಯಿಲ್ ಬಂದರೆ 50ರ ಡಬ್ಬಿಯಲ್ಲಿ ಅದು 20 ಮಿ.ಮೀ. ಸರಿಯುತ್ತದೆ. ರಾಡ್ ಪೂರ್ತಿ ಹೊರಗಿರುವಾಗ ಗ್ಯಾಸ್ ಕಡೆ 70 ಮಿ.ಮೀ. ಬಿಟ್ಟು 200 ಪಿಎಸ್‌ಐ ತುಂಬಿದರೆ, ಪೂರ್ತಿ ಒತ್ತಿದಾಗ ಒತ್ತಡ 285ರ ಆಸುಪಾಸಿಗೆ ಬರುತ್ತದೆ. ಅದೇ 35 ಮಿ.ಮೀ. ಬಿಟ್ಟಿದ್ದರೆ 485. ಇದು ತಣ್ಣಗಿರುವಾಗಿನ ಲೆಕ್ಕ. ಒಟ್ಟು 400 ಸಿಸಿ ಆಯಿಲ್ 60 ಡಿಗ್ರಿ ಬಿಸಿಯಾದರೆ ಸುಮಾರು 19 ಸಿಸಿ ಹಿಗ್ಗುತ್ತದೆ, ಅಂದರೆ ಪಿಸ್ಟನ್ ಇನ್ನೂ 10 ಮಿ.ಮೀ. ಗ್ಯಾಸ್ ಕಡೆಗೆ. 70 ಬಿಟ್ಟಲ್ಲಿ 40 ಉಳಿಯಿತು, ಭಯವಿಲ್ಲ. 35 ಬಿಟ್ಟಲ್ಲಿ ಉಳಿಯುವುದು ಬರೀ 5. ಒತ್ತಡ 1,500ರ ಹತ್ತಿರ ಹೋಗಿ ಸೀಲ್ ಕಿತ್ತುಬರುತ್ತದೆ. ಇಂಥದ್ದನ್ನು ನೋಡಿ ಜನ ಸೀಲ್ ಸರಿಯಿಲ್ಲ ಅಂತ ಬೈಯುತ್ತಾರೆ.

ಬಿಚ್ಚುವಾಗ ಮೊದಲು ಗ್ಯಾಸ್. ವಾಲ್ವ್ ಕಡೆ ಮುಖ ಕೊಡದೆ ಸೂಜಿ ಒತ್ತಿ ಪೂರ್ತಿ ಖಾಲಿ ಮಾಡಿ, ಆಮೇಲಷ್ಟೇ ವಾಲ್ವ್‌ನ ಒಳಗಿನ ಕೋರ್ ತೆಗೆಯಬೇಕು. ರಾಡ್ ಹೊರಬರುವ ತುದಿಯ ಮುಚ್ಚಳವೇ ಸೀಲ್ ಹೆಡ್, ಅದನ್ನು ಹಿಡಿದಿರುವ ಬಳೆ ಸರ್ಕ್ಲಿಪ್. ಒತ್ತಡ ಇದ್ದಾಗ ಸರ್ಕ್ಲಿಪ್ ಮುಟ್ಟಿದರೆ ಸೀಲ್ ಹೆಡ್ ಗುಂಡಿನ ಹಾಗೆ ಹಾರುತ್ತದೆ. ಹಿಂದಿನ ಎಡ ಶಾಕ್‌ನಲ್ಲಿ ರಾಡ್‌ನ ಧೂಳು ಒರೆಸುವ ವೈಪರ್ ಸೀಲ್‌ನ ತುಟಿಯಲ್ಲಿ ಬೂದುಬಣ್ಣದ ನುಣ್ಣನೆ ಪುಡಿ ಅಂಟಾಗಿ ಕೂತಿತ್ತು. ಉಜ್ಜಿದರೆ ಬೆರಳಿಗೆ ಕರಕರ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ, ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳ ಆ ಧೂಳು ಆಷಾಢದ ಗಾಳಿಗೆ ಇವತ್ತಿಗೂ ರಸ್ತೆಗೆ ಬರುತ್ತದೆ. ಅರೆದ ಬೆಣಚುಕಲ್ಲು ಅದು, ರಬ್ಬರನ್ನು ಬಿಡುವುದಿಲ್ಲ. ರಾಡ್ ಮೇಲೆ ಉಗುರು ಎಳೆದಾಗ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಹಾಗಾಗಿ ರಾಡ್ ಉಳಿಯಿತು. ಸಿಕ್ಕಿಕೊಂಡಿದ್ದರೆ ಹೊಸ ಸೀಲ್ ಹಾಕಿ ಪ್ರಯೋಜನವಿರಲಿಲ್ಲ. ವೈಪರ್, ರಾಡ್ ಸೀಲ್, ಪಿಸ್ಟನ್ ಬ್ಯಾಂಡ್, ಓ ರಿಂಗ್‌ಗಳೆಲ್ಲ ಹೊಸವು.

ಗಾಳಿ ತೆಗೆಯುವುದೇ ಹೆಚ್ಚು ಹೊತ್ತು ತಿನ್ನುವ ಕೆಲಸ. ಬಾಡಿಯನ್ನು ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಡಬ್ಬಿಯನ್ನು ಅದಕ್ಕಿಂತ ಕೆಳಗಿಟ್ಟು, ತೇಲುವ ಪಿಸ್ಟನ್ನನ್ನು ನಿಧಾನವಾಗಿ ತಳ್ಳಿ ಎಳೆಯುತ್ತಾ ಹೋದರೆ ಹೋಸ್‌ನ ಗುಳ್ಳೆಗಳೆಲ್ಲ ಬಾಡಿಯ ಕಡೆಯಿಂದ ಮೇಲೆ ಬರುತ್ತವೆ. ಹೋಸ್ ಮೇಲೆ ಸ್ಪ್ಯಾನರ್ ಹಿಡಿಯಿಂದ ತಟ್ಟುತ್ತಿರಬೇಕು. ಅವಸರದಲ್ಲಿ ಎಳೆದರೆ ಇದ್ದ ಗುಳ್ಳೆ ನೂರಾಗುತ್ತದೆ. ಸೀಲ್ ಹೆಡ್ ಕೂರಿಸುವಾಗ ಪಿಸ್ಟನ್ ಜರುಗುತ್ತದೆ, ಆದ್ದರಿಂದ ಸರ್ಕ್ಲಿಪ್ ಹಾಕಿ ರಾಡ್ ಪೂರ್ತಿ ಹೊರಗೆಳೆದ ಮೇಲೆ ಆಳವನ್ನು ಮತ್ತೆ ವರ್ನಿಯರ್‌ನಲ್ಲಿ ನೋಡಬೇಕು. ಡಬ್ಬಿಯ ಅಂಚಿನಿಂದ 82 ಬಂದರೆ ಸರಿ. ಮುಚ್ಚಳ 12 ಒಳಗಿಳಿಯುತ್ತದೆ, ಉಳಿಯುವುದು 70.

ಡಬ್ಬಿಗೆ ತುಂಬುವ ಗ್ಯಾಸ್ ನೈಟ್ರೋಜನ್. ಟೈರ್ ಅಂಗಡಿಯ ನೈಟ್ರೋಜನ್ ಮಷಿನ್ ಟೈರಿಗೆ ಸಾಕು, ಇಲ್ಲಿಗೆ ಸಾಲದು. ಎಸಿ ರಿಪೇರಿಯವರು ಲೀಕ್ ನೋಡಲು ಇಟ್ಟುಕೊಳ್ಳುವ ಸಿಲಿಂಡರೂ ರೆಗ್ಯುಲೇಟರೂ ಬೇಕು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಮಾತ್ರ ಅಪ್ಪಿತಪ್ಪಿಯೂ ಬೇಡ: ಒತ್ತಡದ ಆಕ್ಸಿಜನ್‌ಗೆ ಆಯಿಲ್ ತಾಗಿದರೆ ಸ್ಫೋಟ. ತುಂಬಿದ ಮೇಲೆ ಪದೇ ಪದೇ ಗೇಜ್ ಹಚ್ಚಬಾರದು. ಗ್ಯಾಸ್ ಇರುವುದೇ 137 ಸಿಸಿ, ಗೇಜ್ ಮತ್ತು ಅದರ ಪೈಪಿಗೆ 10 ಸಿಸಿ ಹೋದರೂ 200 ಇದ್ದದ್ದು 185 ಆಗುತ್ತದೆ. ಇದಕ್ಕೆ ಸುಲಭದ ಪರೀಕ್ಷೆ, ತೂಕ ನೋಡುವ ಮಷಿನ್. ರಾಡನ್ನು ಅದರ ಮೇಲೆ ನಿಲ್ಲಿಸಿ ಮೆಲ್ಲಗೆ ಒತ್ತಿದರೆ ಅಲುಗುವಾಗ 28 ಕೆಜಿ, ತಳ ಮುಟ್ಟುವಾಗ 40 ಕೆಜಿ ಬರಬೇಕು, ಸೀಲ್ ಬಿಗಿಗೆ ಒಂದೆರಡು ಹೆಚ್ಚು. ಕೊನೆಯಲ್ಲಿ ಸಿಕ್ಕಾಪಟ್ಟೆ ಏರಿದರೆ ಗ್ಯಾಸ್ ಜಾಗ ಕಡಿಮೆಯಾಗಿದೆ ಎಂದರ್ಥ.

ಡಬ್ಬಿಯ ಮೇಲೆ ಬಿಗಿ ಹೆಚ್ಚುಕಡಿಮೆ ಮಾಡಲು ಇರುವ ತಿರುಗಣೆಯ ಬಗ್ಗೆ ಹೆಚ್ಚು ಆಸೆ ಬೇಡ. ಪೂರ್ತಿ ಸ್ಟ್ರೋಕ್‌ಗೆ ಅದರ ಮೂಲಕ ಹೋಗುವುದು 40 ಸಿಸಿ, ಪಿಸ್ಟನ್ನಿನ ಶಿಮ್‌ಗಳ ಮೂಲಕ 290 ಸಿಸಿ. ಗಾಡಿ ತಳ ಹೊಡೆಯುತ್ತಿದ್ದರೆ ಶಿಮ್ ಬದಲಿಸಬೇಕು. ಅದೂ ಜೋಪಾನವಾಗಿ, 0.15ರ ಜಾಗಕ್ಕೆ 0.20 ಹಾಕಿದರೆ ಆ ಒಂದು ಶಿಮ್ಮಿನ ಗಡಸು ಎರಡು ಪಟ್ಟು ದಾಟುತ್ತದೆ.

ಹಿಂದೆ ಡಬ್ಬಿಗಳನ್ನು ಚಾಸಿ ಒಳಬದಿಗೆ, ಸೈಲೆನ್ಸರ್‌ನಿಂದ ದೂರ, ರಬ್ಬರ್ ಪಟ್ಟಿ ಸುತ್ತಿ ಎರಡೆರಡು ಕ್ಲ್ಯಾಂಪ್‌ನಿಂದ ಕಟ್ಟಿದೆ. ಕ್ಲ್ಯಾಂಪನ್ನು ತೀರಾ ಬಿಗಿದರೆ ತೆಳು ಡಬ್ಬಿ ಅಂಡಾಕಾರಕ್ಕೆ ತಿರುಗಿ ಪಿಸ್ಟನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಕ್ಲ್ಯಾಂಪ್ ಆದಷ್ಟೂ ಪಿಸ್ಟನ್ ಓಡಾಡದ ತುದಿಗಳಲ್ಲಿರಲಿ.

ಮುಂದಿನ ಜೋಡಿಗೆ ತಡ ಹೋಸ್‌ನದು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಅದೇ ಬದಿಯ ಚಕ್ರವನ್ನು ಜ್ಯಾಕ್‌ನಿಂದ ಎತ್ತಿದರೆ ಟೈರ್ ಅಂಚು ಹೋಸ್‌ಗೆ ಸವರುತ್ತಿದೆ. ಹೋಸ್‌ನ ತುದಿಯ ಬಾಂಜೋ ಫಿಟಿಂಗ್ ತಿರುಗಿಸಿದರೆ ಹೋಸ್ ತೀರಾ ಮಡಚುತ್ತದೆ. ಡಬ್ಬಿಯನ್ನು ಮಡ್‌ಗಾರ್ಡ್ ಒಳಗೋಡೆಯ ಮೇಲ್ಭಾಗಕ್ಕೆ ಏರಿಸಿ, ಸ್ವಲ್ಪ ಉದ್ದದ ಹೋಸ್ ಕ್ರಿಂಪ್ ಮಾಡಿಸುವುದು ಮುಂದಿನ ಕೆಲಸ.